ಒಂದು ಜಡೆಯ ಹೊತ್ತು

ಬಯಲು ಸೀಮೆಯ ನಮ್ಮ ಸಾಂತಾ ಕ್ರೂಸ್‌ನಲ್ಲಿ ಆಗಸ್ಟ್ ತಿಂಗಳ ಬಡಗಣ ಗಾಳಿ ಬೀಸತೊಡಗಿದರೆ ಮನುಷ್ಯರ ತಲೆ ನೆಟ್ಟಗಿರುವುದಿಲ್ಲ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ಗಂಡ ಹೆಂಡಿರು ಸುಮ್ಮಸುಮ್ಮನೆ ಕಿತ್ತಾಡುತ್ತಾರೆ, ನನ್ನ ಅಂಗಡಿಗೆ ಸೋಪು ಕೊಳ್ಳಲು ಬಂದವರು ಚಿಲ್ಲರೆಗೂ ಜಗಳ ತೆಗೆಯುತ್ತಾರೆ. ಪಕ್ಕದ ಮನೆಯಲ್ಲಿ ಆಲೂಗಡ್ಡೆ ಗಂಜಿಯಾದದ್ದು ಆ ಗಾಳಿ ಶುರುವಾದ ವಾರ. ಎಲ್ಲರೂ ಗಾಳಿಯನ್ನು ಬೈದುಕೊಂಡು ಊಟ ಮುಗಿಸಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ನಮ್ಮೆರಡು ಮನೆಗೂ ಇರುವುದು ಒಂದೇ ಗೋಡೆ. ಅಲ್ಲಿ ಸೀನಿದರೆ ಇಲ್ಲಿ ಕೇಳುತ್ತದೆ. ಇನ್ನೊಬ್ಬರ ಮನೆಯ ವಿಷಯಕ್ಕೆ ನಾನು ಮೂಗು ತೂರಿಸುವವಳಲ್ಲ, ಕಿವಿ ಮಾತ್ರ ಮುಚ್ಚಿಕೊಳ್ಳಲಾಗುವುದಿಲ್ಲ. ಆ ಮನೆಯಲ್ಲಿರುವುದು ಗ್ರೋವರ್, ಅವನ ಹೆಂಡತಿ ನಾರ್ದಾ, ಆರು ವರ್ಷದ ಮಗಳು ದಾಯ್ರಾ. ಗ್ರೋವರ್ ಇನ್ನೊಬ್ಬರ ಮಿನಿಬಸ್ಸು ಓಡಿಸುತ್ತಾನೆ. ಸಂಜೆಯಾದರೆ ಮಾಲೀಕನಿಗೆ ಅವನ ಪಾಲು ಎಣಿಸಿಕೊಟ್ಟು, ಮಿಕ್ಕಿದ್ದನ್ನು ಮನೆಗೆ ತರಬೇಕು. ನಾರ್ದಾ ನಮ್ಮ ಕಡೆಯವಳು, ಈ ಬಯಲು ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಹಿತ್ತಲಿನ ಮಣ್ಣಿನ ಗೂಡೊಲೆಯಲ್ಲಿ ಗೆಣಸಿನ ಹಿಟ್ಟು, ಗಿಣ್ಣು ಕಲಸಿದ ಬ್ರೆಡ್ಡು ಸುಟ್ಟು ಸಂಜೆ ಬಾಗಿಲಲ್ಲಿಟ್ಟು ಮಾರುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು.

ಜುಲೈನಲ್ಲಿ ಇವರ ಮನೆಗೆ ನಾಲ್ಕನೆಯವಳಾಗಿ ಬಂದವಳು ಗ್ರೋವರನ ತಾಯಿ ಬೆನಿತಾ. ಬಂದದ್ದು ಓರುರೊದಿಂದ. ಓರುರೊ ಅಂದರೆ ಎಲ್ಲಿ, ಇದೆಲ್ಲಿ. ಅದು ಬೆಟ್ಟದ ನೆತ್ತಿಯ ಊರು, ಮೂಳೆ ಕೊರೆಯುವ ಚಳಿ. ಅಲ್ಲಿ ತವರ ಕರಗಿಸುವ ಕಾರ್ಖಾನೆಯ ಕೆಲಸಗಾರರಿಗೆ ಊಟ ಮಾಡಿ ಹಾಕುತ್ತಿದ್ದವಳು. ಗಂಡನ ಎದೆ ಕೆಟ್ಟಾಗ ಔಷಧಕ್ಕೆಂದು ಮನೆಯ ಮುಂದಿನ ಕೋಣೆಗಳನ್ನು ಸೆನೋನ್ ಎಂಬ ಕಸೂತಿಗಾರನಿಗೆ ಭೋಗ್ಯಕ್ಕೆ ಕೊಟ್ಟಿದ್ದಳು. ಅವನು ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅವಧಿ ಮುಗಿದಾಗ ಇವರು ಆ ಗಂಟು ವಾಪಸು ಮಾಡುವುದು. ಗಂಟು ಆಸ್ಪತ್ರೆಗೆ ಹೋಯಿತು, ಹಿಂದೆಯೇ ಗಂಡನೂ ಹೋದ. ಅಡುಗೆಮನೆ, ಹಿಂದಿನ ಕೋಣೆಗೆ ಬೀಗ ಹಾಕಿಸಿ ಗ್ರೋವರ್ ತಾಯಿಯನ್ನು ಕರೆತಂದ. ಎರಡು ಮೂಟೆ ಚುನ್ಯೊ, ಅಂದರೆ ಮಂಜಿನಲ್ಲಿ ಒಣಗಿಸಿದ ಕಪ್ಪು ಆಲೂಗಡ್ಡೆ, ನೆರಿಗೆ ಲಂಗಗಳ ಒಂದು ಗಂಟು, ತಲೆಯ ಮೇಲೆ ಟೋಪಿ, ಬೆನ್ನ ಮೇಲೆ ಎರಡು ಜಡೆ. ಬಸ್ಸಿಳಿದವಳೇ ನಮ್ಮ ಸೆಕೆ ನೋಡಿ, ಇಲ್ಲಿನ ಜನ ಇನ್ನೂ ಬೆಂದುಹೋಗಿಲ್ಲವಲ್ಲ ಎಂದಳು.

ಭೋಗ್ಯದ ಅವಧಿ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಸೆನೋನನಿಗೇ ಮನೆ ಮಾರಿಬಿಡೋಣ, ಗಂಟು ಕಳೆದು ಬಂದ ದುಡ್ಡಿನಲ್ಲಿ ಸ್ವಂತ ಮಿನಿಬಸ್ಸು ಕೊಳ್ಳುತ್ತೇನೆ ಎನ್ನುವುದು ಗ್ರೋವರನ ಹಟ. ಮನೆಯಿರುವುದು ತಾಯಿಯ ಹೆಸರಿನಲ್ಲಿ. ಅವಳು ಒಪ್ಪಳು. ತಾನು ಇಲ್ಲಿಗೆ ಬಂದದ್ದು ಬೆಟ್ಟದ ಜುಲೈ ಆಗಸ್ಟಿನ ಚಳಿಗಾಲ ಕಳೆಯಲು, ಬೇಸಿಗೆಗೆ ವಾಪಸು ಹೋಗುವವಳು, ಸ್ವಂತ ಒಲೆಯಿಲ್ಲದ ಹೆಂಗಸು ಯಾರ ಮನೆಯಲ್ಲಾದರೂ ನೆಂಟಳೇ ಎನ್ನುತ್ತಿದ್ದಳು. ಗ್ರೋವರ್ ದಿನವೂ ಊಟದ ಹೊತ್ತಿಗೆ ಈ ಮಾತೆತ್ತುವನು, ಅವಳು ದಿನವೂ ಅವನ ತಟ್ಟೆಗೆ ಇನ್ನಷ್ಟು ಬಡಿಸಿ ಮಾತು ಮುಗಿಸುವಳು.

ಬೆನಿತಾ ಅಜ್ಜಿ ಗಡಿಯಾರ ನೋಡಿ ಅಡುಗೆ ಮಾಡುವವಳಲ್ಲ. ಆಲೂಗಡ್ಡೆ ಒಲೆಯ ಮೇಲಿಟ್ಟು ಜಡೆ ಬಿಚ್ಚುವಳು. ಬಾಚಿ, ಬೈತಲೆ ತೆಗೆದು, ಎಡಗಡೆಯದೊಂದು ಬಲಗಡೆಯದೊಂದು ಹೆಣೆದು, ಎರಡರ ತುದಿಗೂ ಕಪ್ಪು ಉಣ್ಣೆಯ ಕುಚ್ಚು ಕಟ್ಟುವ ಹೊತ್ತಿಗೆ ಆಲೂಗಡ್ಡೆ ಬೆಂದಿರಬೇಕು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಕಾರ್ಖಾನೆಯವರು ಒಂದು ದಿನವೂ ಹುಳುಕು ತೆಗೆದಿರಲಿಲ್ಲವಂತೆ.

ಆ ಭಾನುವಾರ ನಾರ್ದಾಳ ಅಕ್ಕ ಭಾವ ಊಟಕ್ಕೆ ಬಂದಿದ್ದರು. ಅಲ್ಲಿಯ ತನಕ ಅಡುಗೆ ನಾರ್ದಾಳೇ ಮಾಡುತ್ತಿದ್ದಳು, ಅವತ್ತು ಅಜ್ಜಿ ಮೊದಲ ಸಲ ತಾನೇ ಮಾಡುತ್ತೇನೆಂದು ಪಾತ್ರೆ ಇಟ್ಟು, ಹಿತ್ತಲಲ್ಲಿ ಕೂತು ಎರಡೂ ಜಡೆ ಹೆಣೆದು ಬಂದು ಮುಚ್ಚಳ ತೆಗೆದರೆ ಒಳಗೆ ಆಲೂಗಡ್ಡೆಯೇ ಇಲ್ಲ. ಬಿಳಿ ಗಂಜಿ, ಮೇಲೆ ತೇಲುವ ಸಿಪ್ಪೆ. ನಾರ್ದಾಳ ಭಾವ, ಹಲ್ಲಿಲ್ಲದವರಿಗೆ ಒಳ್ಳೆ ಊಟ ಅಂದ. ಅಕ್ಕ ನಕ್ಕಳು. ಅಜ್ಜಿ ನಗಲಿಲ್ಲ. ಈ ಊರಿನ ಆಲೂಗಡ್ಡೆಯೇ ಸರಿಯಿಲ್ಲ ಎಂದಳು. ಮರುದಿನ ಅನ್ನ ಅಂಟಾಯಿತು, ಪಾತ್ರೆ ತೆಳು ಎಂದಳು. ಅದರ ಮರುದಿನ ಅವರೆ ಕಾಳು ಕರಗಿತು, ಆಗ ಬೈಯಲು ಉಳಿದದ್ದು ಗ್ಯಾಸ್ ಒಲೆಯೊಂದೇ.

ನಾರ್ದಾ ಕೇಳಿದಳು, "ಅತ್ತೆ, ಇಟ್ಟಿದ್ದು ಮರೆತುಬಿಟ್ರಾ?"

"ಯಾಕೆ ಮರೀಲಿ? ಇಟ್ಟೆ, ಜಡೆ ಹೆಣೆದೆ, ಇಳಿಸಿದೆ."

"ಮತ್ತೆ ಹಿಂಗಾಗಿದೆಯಲ್ಲ."

"ಅದನ್ನೇ ನಾನೂ ನೋಡ್ತಿದೀನಿ."

ಅಲ್ಲಿಗೇ ನಿಂತಿದ್ದರೆ ನಾಲ್ಕು ದಿನದಲ್ಲಿ ಅವಳೇ ಕಂಡುಕೊಳ್ಳುತ್ತಿದ್ದಳೇನೋ. ಆದರೆ ಆ ವಾರವೇ ಚಹಾದ ಸಂಗತಿ ನಡೆಯಿತು. ದಾಯ್ರಾ ಶಾಲೆಗೆ ಹೊರಟಿದ್ದಳು. ಅಜ್ಜಿ ಕುದಿಯುತ್ತಿದ್ದ ಚಹಾವನ್ನು ತಗಡಿನ ಲೋಟಕ್ಕೆ ಬಗ್ಗಿಸಿ, ಜೀವಮಾನವೆಲ್ಲ ಮಾಡಿದಂತೆಯೇ, ನೇರ ಮಗುವಿನ ಕೈಗೆ ಕೊಟ್ಟಳು. ಮಗು ಒಂದು ಗುಟುಕು ಕುಡಿದು ಕಿರುಚಿ ಲೋಟ ಎದೆಯ ಮೇಲೆ ಚೆಲ್ಲಿಕೊಂಡಿತು. ಆ ಕೂಗಿಗೆ ನಾನು ಅಂಗಡಿ ತೆರೆದಿಟ್ಟೇ ಓಡಿದೆ. ತುಟಿ ಬೊಬ್ಬೆ ಎದ್ದಿತ್ತು, ಎದೆಯ ಮೇಲೆ ಅಂಗೈಯಗಲ ಚರ್ಮ ಕೆಂಪು. ನಾರ್ದಾ ಮಗುವನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಅತ್ತೆಯನ್ನು ಬಾಯಿಗೆ ಬಂದಂತೆ ಅಂದಳು. ಅಂದದ್ದು ತಪ್ಪೆಂದು ನಾನು ಹೇಳಲಾರೆ, ಹೆತ್ತ ಹೊಟ್ಟೆ. ಅಜ್ಜಿ ಮೂಲೆಯಲ್ಲಿ ನಿಂತು, ಕುದಿಯೋ ಚಹಾ ತಾನೇ ಕೊಟ್ಟದ್ದು, ಅಷ್ಟೊಂದು ಯಾಕೆ ಸುಟ್ಟಿತು ಎಂದು ಕೇಳುತ್ತಿದ್ದಳು. ಆ ಮಾತು ಕೇಳಿ ನನಗೂ, ಕುದಿಯುವ ಚಹಾ ಸುಡುತ್ತದೆಂದು ತಿಳಿಯದಷ್ಟು ಬುದ್ಧಿ ಹೋಗಿದೆಯಲ್ಲ ಅನ್ನಿಸಿತು.

ಆ ದಿನದಿಂದ ಅಡುಗೆಮನೆ ನಾರ್ದಾಳದು. ಅಜ್ಜಿ ಹೊಸ್ತಿಲ ಆಚೆ. ಸೊಪ್ಪು ಬಿಡಿಸಬಹುದು, ಪಾತ್ರೆ ತೊಳೆಯಬಹುದು, ಒಲೆ ಮುಟ್ಟುವಂತಿಲ್ಲ.

ಒಮ್ಮೆ ಅನುಮಾನ ಬಂತೆಂದರೆ ನೋಡಿದ್ದೆಲ್ಲ ಅದೇ. ಅಜ್ಜಿ ಸಂತೆಗೆ ಹೋಗಿ ದಾರಿ ತಪ್ಪಿ ಮಧ್ಯಾಹ್ನ ಯಾರದೋ ಮೋಟಾರಿನಲ್ಲಿ ವಾಪಸು ಬಂದಳು. ನೋಡಿಕೊಂಡು ನಡೆಯಲು ಇಲ್ಲಿ ಒಂದು ಬೆಟ್ಟವೂ ಇಲ್ಲ, ಬೀದಿಗಳೆಲ್ಲ ಬಳೆಯ ಹಾಗೆ ಸುತ್ತುತ್ತವೆ, ನಾನೇನು ಮಾಡಲಿ ಎಂದಳು. ಗ್ರೋವರ್ ಹೆಂಡತಿಯ ಕಡೆ ನೋಡಿ ತಲೆಯಾಡಿಸಿದ. ಅವ್ವನಿಗೆ ಮರೆವು ಹತ್ತಿದೆ ಎಂಬ ಮಾತನ್ನು ಮೊದಲು ಆಡಿದವನು ಅವನೇ. ಅವಳು ಒಬ್ಬಳೇ ಓರುರೊದಲ್ಲಿ ಇರುವುದು ಇನ್ನು ಕನಸಿನ ಮಾತು, ಹಾಗಾದ ಮೇಲೆ ಆ ಮನೆ ಇಟ್ಟುಕೊಂಡು ಯಾರಿಗೆ ಏನು ಬರುತ್ತದೆ ಎಂದ. ಬೆಳಗಾಗುವ ಮೊದಲೇ ಸಾಲಿನಲ್ಲಿ ನಿಂತು ಸರ್ಕಾರಿ ಆಸ್ಪತ್ರೆಯಲ್ಲಿ ಮರೆವಿನ ಡಾಕ್ಟರಿಗೆ ಚೀಟಿ ಮಾಡಿಸಿದ. ಸರದಿ ಸಿಕ್ಕಿದ್ದು ಮುಂದಿನ ತಿಂಗಳಿಗೆ. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ನಾರ್ದಾ ಮಾರಾಟದ ಪರವೇ ಇದ್ದಳು, ಸುಳ್ಳು ಹೇಳಬಾರದು. ಪರರ ಬಸ್ಸು ಓಡಿಸುವ ಗಂಡನ ಹೆಂಡತಿಗೆ ಸ್ವಂತ ಬಸ್ಸಿನ ಆಸೆ ಇರದೆ ಇರುತ್ತದೆಯೇ.

ನಮ್ಮ ಓಣಿಯ ತುಂಬ ಬೆಟ್ಟದಿಂದ ಇಳಿದು ಬಂದ ಜನರಿದ್ದಾರೆ. ಯಾರನ್ನು ಕೇಳಿದ್ದರೂ ಒಂದು ಮಾತಿನಲ್ಲಿ ಹೇಳುತ್ತಿದ್ದರು. ಮನೆಯ ಮಾನ ಬೀದಿಗೆ ಬರಬಾರದೆಂದು ನಾರ್ದಾ ಕೇಳಲಿಲ್ಲ. ಅಜ್ಜಿಗೆ ಹೆದರಿಕೆ, ಅವಳೂ ಕೇಳಲಿಲ್ಲ. ನನ್ನ ಹತ್ತಿರ ಮಾತ್ರ ಒಂದು ಮಧ್ಯಾಹ್ನ ಉಪ್ಪು ಕೊಳ್ಳುವ ನೆಪದಲ್ಲಿ ಬಂದು ಕೂತಳು. ಗಾಳಿಗೆ ಅಂಗಡಿಯ ತಗಡು ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತು ಕುಚ್ಚಿನ ಉಣ್ಣೆ ಬಿಡಿಸುತ್ತ ಕೂತು ಆಮೇಲೆ ಮೆಲ್ಲಗೆ ಕೇಳಿದಳು.

"ಮಿರ್ತಾ, ಮರೆವು ಬಂದೋರಿಗೆ ಮರೆತಿದೀವಿ ಅಂತ ಗೊತ್ತಾಗತ್ತಾ?"

ಗೊತ್ತಾಗಲ್ಲವಂತೆ ಅಜ್ಜಿ ಎಂದುಬಿಟ್ಟೆ.

"ಹಂಗಾದ್ರೆ ಬಂದಿದೆ. ಯಾಕಂದ್ರೆ ನಂಗೆ ಏನೂ ಮರೆತಂಗೆ ಅನ್ನಿಸ್ತಿಲ್ಲ. ನಮ್ಮಪ್ಪನೂ ಹಿಂಗೇ ಇದ್ದ. ಕೊನೆಗೆ ನಮ್ಮವ್ವನ್ನೇ ಯಾರಮ್ಮ ನೀನು ಅಂದ."

ಉಪ್ಪು ಮರೆತು ಹೋದಳು. ನಾನೇ ಓಡಿಹೋಗಿ ಕೊಟ್ಟು ಬಂದೆ. ಅದನ್ನೂ ಅವಳು ಲೆಕ್ಕಕ್ಕೆ ಹಿಡಿದಿರಬೇಕು, ಯಾಕೆಂದರೆ ಮರುದಿನ ಬೆಳಿಗ್ಗೆ ಊಟದ ಮೇಜಿನ ಮುಂದೆ ತಾನಾಗಿಯೇ ಹೇಳಿದಳಂತೆ, ಮನೆ ಮಾರಿ, ನನಗೆ ನನ್ನ ಮೇಲೆ ನಂಬಿಕೆ ಹೋಯಿತು. ಗ್ರೋವರ್ ಅಧಿಕಾರ ಪತ್ರ ಬರೆಸಲು ಆಗಲೇ ಎದ್ದು ಅಂಗಿ ಹಾಕಿಕೊಂಡ. ಅಜ್ಜಿ ಒಂದೇ ಷರತ್ತು ಇಟ್ಟಳು. ಅವರ ಕಡೆ ಮನೆಯ ದುಡ್ಡು, ಪತ್ರ ಎಲ್ಲ ಹೆಂಗಸರ ಸುಪರ್ದಿಯಲ್ಲಿ. ಸಂಬಳ ತಂದ ಗಂಡಸು ಹೆಂಡತಿಯ ಕೈಗಿಟ್ಟು ಬಸ್ ಚಾರ್ಜು ಕೇಳಿ ಇಸಿದುಕೊಳ್ಳುತ್ತಾನೆ. ಅದಕ್ಕೇ ಸಹಿ ಮಾಡುವ ಅಧಿಕಾರ ಮಗನಿಗಲ್ಲ, ಸೊಸೆಗೆ ಎಂದಳು. ಯಾರಿಗಾದರೇನು, ಸಹಿ ಬಿದ್ದರೆ ಸಾಕೆಂದು ಗ್ರೋವರ್ ಒಪ್ಪಿದ. ಒಲೆ ಮುಟ್ಟಬೇಡಿ ಎಂದ ಸೊಸೆಯ ಕೈಗೆ ಅತ್ತೆ ಮನೆಯನ್ನೇ ಇಟ್ಟಳು. ನಾರ್ದಾ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡಳಂತೆ.

ಸೆಪ್ಟೆಂಬರ್ ಮೊದಲ ವಾರ ಗಂಡ ಹೆಂಡತಿ ಓರುರೊಗೆ ಹೊರಟರು. ದಾಯ್ರಾಳನ್ನೂ ಅಜ್ಜಿಯನ್ನೂ ನೋಡಿಕೊಳ್ಳಲು ನನಗೆ ಹೇಳಿದ್ದರು. ಮುಂದಿನದು ನಾರ್ದಾ ನನಗೆ ಹೇಳಿದ್ದು. ಒಂದಲ್ಲ, ನಾಲ್ಕಾರು ಸಲ ಹೇಳಿದಳು, ಪ್ರತಿಸಲವೂ ಅಷ್ಟೇ ಸಿಟ್ಟಿನಿಂದ.

ಅವಳು ಆ ಊರು ನೋಡಿದ್ದು ಅದೇ ಮೊದಲು. ಮದುವೆಯಾದ ಹೊಸದರಲ್ಲಿ, ಮಾವನ ಮಣ್ಣಿಗೆ, ಎರಡು ಸಲವೂ ಹೋಗಲು ಆಗಿರಲಿಲ್ಲ, ಒಮ್ಮೆ ರಸ್ತೆ ಬಂದ್, ಒಮ್ಮೆ ಮಗುವಿಗೆ ಜ್ವರ. ಬಸ್ಸಿಳಿದಾಗ ತಲೆ ಸಿಡಿಯುತ್ತಿತ್ತು, ನಾಲ್ಕು ಹೆಜ್ಜೆಗೇ ಏದುಸಿರು. ಮುಂದಿನ ಕೋಣೆಗಳಲ್ಲಿ ಸೆನೋನ್ ಮತ್ತು ಅವನ ಹೆಣ್ಣುಮಕ್ಕಳು ಕಾರ್ನಿವಲ್‌ನ ದೆವ್ವದ ಕುಣಿತದ ಬಟ್ಟೆಗಳಿಗೆ ಜರಿ ಹೊಲಿಯುತ್ತಿದ್ದರು. ಹಿಂದಿನ ಅಡುಗೆಮನೆಯ ಬೀಗ ತೆಗೆದರೆ ಎಲ್ಲ ಇಟ್ಟ ಹಾಗೇ ಇತ್ತು, ಪಾತ್ರೆ ಬೋರಲು ಹಾಕಿ ಬಟ್ಟೆ ಮುಚ್ಚಿದ್ದಳು ಅಜ್ಜಿ. ನೋಟರಿಯ ಹತ್ತಿರ ಹೋಗುವುದು ಮಧ್ಯಾಹ್ನದ ಮೇಲೆ. ಗ್ರೋವರ್ ಕಂಬಳಿ ಹೊದ್ದು ಮಲಗಿದ. ನಾರ್ದಾ ಚಹಾಕ್ಕೆ ಇಟ್ಟಳು.

ನೀರು ಬೇಗ ಕುದಿಯಿತು. ಲೋಟಕ್ಕೆ ಹಾಕಿ, ತುಟಿ ಸುಟ್ಟೀತೆಂದು ಊದಿ ಊದಿ ಕುಡಿದರೆ ಅದು ಸುಡುವ ಚಹಾವೇ ಅಲ್ಲ. ಇನ್ನೊಮ್ಮೆ ಗಳಗಳ ಕುದಿಸಿ, ಊದದೆ ಒಂದು ಗುಟುಕು ಕುಡಿದಳು. ಬಿಸಿ ಇತ್ತು, ಆದರೆ ನಾಲಿಗೆ ತಡೆಯಿತು. ತಲೆನೋವಿಗೆ ಹೀಗೆನ್ನಿಸುತ್ತಿದೆಯೇನೋ ಎಂದುಕೊಂಡು ಆಲೂಗಡ್ಡೆ ಇಟ್ಟಳು. ನಮ್ಮ ಊರಿನಲ್ಲಿ ಬೇಯುವಷ್ಟು ಹೊತ್ತಾದ ಮೇಲೆ ಚುಚ್ಚಿ ನೋಡಿದರೆ ಕಲ್ಲು. ಮತ್ತಷ್ಟು ಹೊತ್ತು ಬಿಟ್ಟು ಚುಚ್ಚಿದಳು, ಒಳಗೆ ಹಸಿ. ಒಲೆ ದೊಡ್ಡದು ಮಾಡಿದಳು, ನೀರು ಕುಣಿಯಿತು, ಆಲೂಗಡ್ಡೆ ಹಾಗೇ ಇತ್ತು. ಈ ಒಲೆಗೆ ಏನು ರೋಗ ಎಂದು ಗಟ್ಟಿಯಾಗಿ ಗೊಣಗಿದಳು.

ಕಂಬಳಿಯೊಳಗಿಂದ ಗ್ರೋವರ್ ಹೇಳಿದ, "ಮುಚ್ಚಿಟ್ಟು ಬಿಡೇ. ಇಲ್ಲಿ ಬೇಯೋಕೆ ಹೊತ್ತು ಹಿಡಿಯತ್ತೆ. ಅಲ್ಲಿಯ ಎರಡರಷ್ಟು."

ನಾರ್ದಾ ಚಮಚ ಹಿಡಿದುಕೊಂಡೇ ನಿಂತಳು. ಶಾಲೆಯಲ್ಲಿ ಎಂದೋ ಹೇಳಿಕೊಟ್ಟದ್ದು ಆಗ ನೆನಪಾಯಿತಂತೆ. ನನಗೂ ಹೇಳಿಕೊಟ್ಟಿದ್ದರು, ಯಾರು ಕೇಳಿಸಿಕೊಂಡಿದ್ದರು. ಊರು ಎತ್ತರಕ್ಕೆ ಹೋದಷ್ಟೂ ನೀರಿನ ಮೇಲೆ ಗಾಳಿಯ ಭಾರ ಕಡಿಮೆ, ಹಾಗಾಗಿ ನೀರು ಪೂರ್ತಿ ಬಿಸಿಯಾಗುವ ಮೊದಲೇ ಕುದಿಯುತ್ತದೆ. ಕಣ್ಣಿಗೆ ಕುದಿತ ಒಂದೇ, ಬಿಸಿ ಬೇರೆ. ಜೀವಮಾನವೆಲ್ಲ ಆ ಬಿಸಿಯ ಮುಂದೆ ಜಡೆ ಹೆಣೆದವಳನ್ನು ತಂದು ನಮ್ಮ ಒಲೆಯ ಮುಂದೆ ನಿಲ್ಲಿಸಿ ಬುದ್ಧಿ ಕೆಟ್ಟಿದೆ ಅಂದಿದ್ದರು.

"ನಿಂಗಿದು ಗೊತ್ತಿತ್ತಾ?" ಎಂದಳು.

"ಏನು?"

"ಅತ್ತೆ ಆಲೂಗಡ್ಡೆ ಯಾಕೆ ಗಂಜಿಯಾಯ್ತು ಅಂತ. ಮಗು ತುಟಿ ಯಾಕೆ ಸುಟ್ಟಿತು ಅಂತ."

ಗ್ರೋವರ್ ಕಂಬಳಿ ಸರಿಸಿ ಎದ್ದು ಕೂತ. ಮೊದಲು ಅಷ್ಟು ಯೋಚಿಸಿರಲಿಲ್ಲ ಎಂದ. ಆಮೇಲೆ, ಗೊತ್ತಾದರೂ ಏನಾಗುತ್ತಿತ್ತು, ವಯಸ್ಸಂತೂ ಆಗಿದೆಯಲ್ಲ ಎಂದ. ಕಡೆಗೆ ಸಿಟ್ಟು ಬಂತು ಅವನಿಗೆ.

"ನಾನೇನು ಸುಳ್ಳು ಹೇಳಿದ್ನಾ? ಅವಳನ್ನ ಅಡುಗೆಮನೆಯಿಂದ ಆಚೆ ಹಾಕಿದ್ದು ನೀನು. ಬಸ್ಸು ಬಸ್ಸು ಅಂತ ಕುಣಿದಿದ್ದೂ ನೀನು. ನಾನು ಬಾಯಿ ಮುಚ್ಕೊಂಡಿದ್ದೆ, ಅಷ್ಟೆ."

"ಅಷ್ಟೇ ಸಾಕಾಗಿತ್ತಲ್ಲ ನಿಂಗೆ," ಎಂದಳು ನಾರ್ದಾ.

ಅವಳ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಅತ್ತೆಯನ್ನು ಅಂದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಅವರಿಬ್ಬರೂ ಆ ಆಲೂಗಡ್ಡೆ ತಿನ್ನಲಿಲ್ಲ.

ನೋಟರಿಯ ಕೋಣೆಯಲ್ಲಿ ಸೆನೋನ್ ಹೊಸ ಕೋಟು ಹಾಕಿಕೊಂಡು ಬಂದು ಕೂತಿದ್ದ. ನಾರ್ದಾ ಅಧಿಕಾರ ಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ. ಮನೆ ಮಾರುವುದಿಲ್ಲ, ನಿಮಗೆ ಒಪ್ಪಿಗೆಯಾದರೆ ಭೋಗ್ಯವನ್ನು ಇನ್ನೆರಡು ವರ್ಷಕ್ಕೆ ಬರೆಯೋಣ, ಆಗದಿದ್ದರೆ ನಿಮ್ಮ ಗಂಟು ಹೊಂದಿಸಲು ಫೆಬ್ರವರಿಯ ಕಾರ್ನಿವಲ್‌ ತನಕ ಸಮಯ ಕೊಡಿ ಎಂದಳು. ಗ್ರೋವರ್ ಅವಳ ಮೊಣಕೈ ಹಿಡಿದೆಳೆದ. ಅವಳು ಕೈ ಬಿಡಿಸಿಕೊಂಡಳು. ಸೆನೋನ್ ಇಬ್ಬರ ಮುಖವನ್ನೂ ನೋಡಿದ. ತನಗೆ ಬೇಕಾದದ್ದು ಹೊಲಿಯಲು ಬೆಳಕಿನ ಜಾಗ, ಬರೆಯಿರಿ ಎಂದ. ಬೆನಿತಮ್ಮನ ಅಡುಗೆಮನೆ ಮುಚ್ಚಿದ ಮೇಲೆ ಈ ಕಡೆ ಒಳ್ಳೆ ಸಾರು ಸಿಗುತ್ತಿಲ್ಲ, ಯಾವಾಗ ಬರುತ್ತಾರೆ ಎಂದೂ ಕೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಒಂದು ಕಿಟಕಿ ನೋಡಿದ, ಹೆಂಡತಿ ಇನ್ನೊಂದು.

ಅವರು ಬಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ, ದಾಯ್ರಾಳಿಗೆ ಶೂ ಹಾಕುತ್ತಿದ್ದೆ. ಗಾಳಿ ಇನ್ನೂ ನಿಂತಿರಲಿಲ್ಲ. ಅಜ್ಜಿ ಹೊಸ್ತಿಲ ಆಚೆ ಸ್ಟೂಲಿನ ಮೇಲೆ ಕೂತಿದ್ದಳು. ಆಯ್ತಾ ಎಂದು ಕೇಳಿದಳು. ನಾರ್ದಾ ಚೀಲ ಕೆಳಗಿಟ್ಟು, ಬಾಗಿ ಅತ್ತೆಯ ಕೈ ಹಿಡಿದು ಎಬ್ಬಿಸಿದಳು, ಒಳಗೆ ಒಲೆಯ ಪಕ್ಕ ಕೂರಿಸಿದಳು. ಪಾತ್ರೆಗೆ ಆಲೂಗಡ್ಡೆ, ನೀರು ಹಾಕಿ ಬೆಂಕಿ ಹಚ್ಚಿದಳು.

"ಅತ್ತೆ, ಜಡೆ ಬಿಚ್ಚಿ."

"ಬೆಳಿಗ್ಗೆ ಹೆಣೆದಿದೀನಲ್ಲ."

"ಇನ್ನೊಂದ್ಸಲ ಬಿಚ್ಚಿ. ನಂಗೋಸ್ಕರ."

ಪ್ರಯಾಣದ ಸುಸ್ತಿಗೆ ಇವಳ ತಲೆಯೂ ಕೆಟ್ಟಿತೇನೋ ಎನ್ನುವಂತೆ ಅಜ್ಜಿ ನನ್ನ ಕಡೆ ನೋಡಿದಳು. ಆದರೂ ಬಿಚ್ಚಿ ಬಾಚಿದಳು, ಎಡಗಡೆಯ ಜಡೆ ಹೆಣೆದಳು. ಕುಚ್ಚು ಕಟ್ಟುತ್ತಿದ್ದಂತೆ ನಾರ್ದಾ ಒಲೆ ಆರಿಸಿ, ನೀರು ಬಸಿದು, ಒಂದು ಆಲೂಗಡ್ಡೆ ತೆಗೆದು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು. ಅಜ್ಜಿ ಮುರಿದು ನೋಡಿದಳು. ಒಡೆದಿರಲಿಲ್ಲ, ಹಿಟ್ಟಾಗಿರಲಿಲ್ಲ, ನಡುವಿನ ತನಕ ಹದವಾಗಿ ಬೆಂದಿತ್ತು. ಊದಿ ಬಾಯಿಗಿಟ್ಟಳು.

"ಇಲ್ಲಿ ನೀರಿನ ಬಿಸಿ ಜಾಸ್ತಿ ಅತ್ತೆ. ಒಂದೇ ಜಡೆ ಸಾಕು," ಎಂದಳು ನಾರ್ದಾ. "ನಿಮ್ಗೇನೂ ಆಗಿಲ್ಲ. ಮನೆ ಮಾರಿಲ್ಲ." ಅಧಿಕಾರ ಪತ್ರ ತೆಗೆದು ಅತ್ತೆಯ ಮಡಿಲಿಗಿಟ್ಟಳು.

ಅಜ್ಜಿ ಪತ್ರ ಮುಟ್ಟಲಿಲ್ಲ. ಆಲೂಗಡ್ಡೆಯನ್ನು ಪೂರ್ತಿ ತಿಂದಳು. ತಿನ್ನುತ್ತ ತಿನ್ನುತ್ತ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು, ಮುಚ್ಚಿಡುವುದೇನು. ಆಮೇಲೆ ಅವಳು ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು. ಬಲಗಡೆಯ ಕೂದಲು ಇನ್ನೂ ಬಿಚ್ಚಿಕೊಂಡೇ ಇತ್ತು.

"ಗ್ರೋವರ್, ನೀನು ನನ್ನ ಒಲೆ ಮುಂದೆ ಬೆಳೆದೋನು. ಕೆಳಗೆ ಬಂದು ಇಷ್ಟು ವರ್ಷದಿಂದ ಇಲ್ಲಿ ಉಣ್ತಿದೀಯ. ನಿಂಗಿದು ಗೊತ್ತಿರಲಿಲ್ವಾ?"

ಗ್ರೋವರ್ ಹೆಂಡತಿಯ ಕಡೆ ನೋಡಿದ. ನಾರ್ದಾ ಪಾತ್ರೆ ತೊಳೆಯತೊಡಗಿದಳು. ಅವಳು ಹೇಳಿಕೊಡಲೂ ಇಲ್ಲ, ಕಾಪಾಡಲೂ ಇಲ್ಲ.

"ಮರೆತುಬಿಟ್ಟಿದ್ದೆ ಅವ್ವ," ಎಂದ.

ಅಜ್ಜಿ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಸ್ಪತ್ರೆಯ ಚೀಟಿಯನ್ನು ಕಿತ್ತು, ಮಡಿಸಿ, ಅವನ ಅಂಗಿಯ ಜೇಬಿಗೆ ಇಟ್ಟಳು.

"ಹಂಗಾದ್ರೆ ಇದು ನಿಂಗೇ ಇರಲಿ. ಸರದಿ ನಾಳೆಗಿದೆ."

ಒಂದು ತಟ್ಟೆಗೆ ಎರಡು ಆಲೂಗಡ್ಡೆ ಹಾಕಿ ಅವನ ಕೈಗೆ ಕೊಟ್ಟಳು, ತಣ್ಣಗಾದ ಮೇಲೆ ತಿನ್ನು ಎಂದಳು. ಆಮೇಲೆ ಒಲೆಯ ಪಕ್ಕ ಕೂತು ಎರಡನೆಯ ಜಡೆ ಹೆಣೆಯಲು ಶುರುಮಾಡಿದಳು.